ಸ್ಲೋ ಕುಕ್ಕರಿನ ಮೀಟ್‌ಲೋಫ್ ಕೊನೆಗೂ ಕೈಗೆ ಹತ್ತಿತು: ನನ್ನ ಅನುಭವ

ಮೀಟ್‌ಲೋಫ್ ಎಂದರೆ ಕೀಮಾವನ್ನು ಬ್ರೆಡ್, ಮೊಟ್ಟೆ ಜೊತೆ ಕಲಸಿ ಬ್ರೆಡ್ಡಿನ ಆಕಾರಕ್ಕೆ ಕಟ್ಟಿ ಬೇಯಿಸುವ ಅಡುಗೆ. ಅದನ್ನು ಸ್ಲೋ ಕುಕ್ಕರಿನಲ್ಲಿ, ಅಂದರೆ ಕಡಿಮೆ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಕರೆಂಟ್ ಪಾತ್ರೆಯಲ್ಲಿ, ಮಾಡಲೇಬಾರದು ಎನ್ನುವವರೇ ಹೆಚ್ಚು. ಬಣ್ಣ ಬರುವುದಿಲ್ಲ, ಹೊರಮೈ ಗಟ್ಟಿಯಾಗುವುದಿಲ್ಲ, ನೀರಲ್ಲಿ ಬೆಂದ ಕೀಮಾದ ವಾಸನೆ ಉಳಿಯುತ್ತದೆ ಎಂಬುದು ಅವರ ವಾದ. ನಮ್ಮಕ್ಕ ಅಡುಗೆಯಲ್ಲಿ ನನಗಿಂತ ಪಳಗಿದವಳು. ಅವಳೂ “ಸುಮ್ನೆ ಮಾಂಸ ಹಾಳು ಮಾಡ್ಬೇಡ ಕಣೇ, ಓವನ್ ಇದೆಯಲ್ಲ” ಎಂದಿದ್ದಳು. ಈಗ ಅವಳ ಮನೆಯಲ್ಲೂ ವಾರದ ನಡುವೆ ಇದೇ ಬೇಯುತ್ತಿದೆ. ಓವನ್ ಇದೆ, ನಿಜ. ಆದರೆ ಕೆಲಸದಿಂದ ಬಂದು, ಮಕ್ಕಳ ಹೋಂವರ್ಕ್ ನೋಡುತ್ತಾ, ಓವನ್ ಮುಂದೆ ಗಂಟೆಗಟ್ಟಲೆ ಕಾಯುವ ಶಕ್ತಿ ಯಾರಿಗಿದೆ? ಬಾಗಿಲು ತೆಗೆದ ಕೂಡಲೇ ಊಟದ ಪರಿಮಳ ಬರಬೇಕು. ನನಗೆ ಬೇಕಿದ್ದದ್ದು ಅಷ್ಟೇ.

ಕೀಮಾ ಕಲಸುವುದು, ಲೋಫ್ ಕಟ್ಟುವುದು ನಿಮಗೆ ಗೊತ್ತಿರುವ ಕೆಲಸ. ಅದನ್ನು ಮತ್ತೆ ಹೇಳುವುದಿಲ್ಲ. ಎಲ್ಲಿ ಕೆಡುತ್ತದೆ, ಯಾಕೆ ಕೆಡುತ್ತದೆ ಅನ್ನುವುದನ್ನೇ ಬರೆಯುತ್ತೇನೆ. ಅಳತೆಗಳು ನೆನಪಿನಿಂದ ಹೇಳಿದವು, ಸ್ವಲ್ಪ ಹೆಚ್ಚುಕಮ್ಮಿ ಇದ್ದಾವು.

ಎಲ್ಲರೂ ಶಾಖವನ್ನು ದೂರುತ್ತಾರೆ. ನನ್ನ ಪ್ರಕಾರ ತೊಂದರೆ ಶಾಖದ್ದಲ್ಲ, ನೀರಿನದು. ಓವನ್ನಿನಲ್ಲಿ ಮಾಂಸ ಬಿಟ್ಟ ನೀರು ಆವಿಯಾಗಿ ಹೋಗುತ್ತದೆ. ಸ್ಲೋ ಕುಕ್ಕರಿನಲ್ಲಿ ಅದಕ್ಕೆ ಹೋಗಲು ದಾರಿಯಿಲ್ಲ. ಹಬೆಯಾಗಿ ಮೇಲೇರುತ್ತದೆ, ಮುಚ್ಚಳಕ್ಕೆ ತಗುಲಿ ಹನಿಯಾಗಿ ಲೋಫಿನ ತಲೆಯ ಮೇಲೇ ಬೀಳುತ್ತದೆ. ಕೆಳಗೆ ಕೊಬ್ಬು ಮತ್ತು ರಸ ನಿಂತು ಬುಡವನ್ನು ನೆನೆಸುತ್ತದೆ. ಹೀಗೆ ಮೇಲಿಂದಲೂ ಕೆಳಗಿಂದಲೂ ಒದ್ದೆಯಾದ ಮಾಂಸ ಬೂದು ಬಣ್ಣಕ್ಕೆ ತಿರುಗದೆ ಇನ್ನೇನಾದೀತು? ಇದು ಹೊಳೆದ ಮೇಲೆ ನಾನು ಮಾಡಿದ್ದೆಲ್ಲ ಆ ನೀರಿಗೆ ದಾರಿ ತೋರಿಸುವ ಕೆಲಸವೇ.

ಮೊದಲು ಈರುಳ್ಳಿ. ಹಸಿ ಈರುಳ್ಳಿ ಹಾಕಿದರೆ ಗಂಟೆಗಟ್ಟಲೆ ನೀರು ಬಿಡುತ್ತಲೇ ಇರುತ್ತದೆ, ಕತ್ತರಿಸುವಾಗ ಲೋಫ್ ಅಲ್ಲಲ್ಲಿ ಬಿರಿಯುತ್ತದೆ. ಎರಡು ಮಧ್ಯಮ ಗಾತ್ರದ ಈರುಳ್ಳಿಯನ್ನು ಸಣ್ಣಗೆ ಹೆಚ್ಚಿ, ಬೆಳ್ಳುಳ್ಳಿಯ ಜೊತೆ ಹೊಂಬಣ್ಣ ಬರುವವರೆಗೆ ಹುರಿದು, ಪೂರ್ತಿ ಆರಿಸಿಯೇ ಹಾಕುತ್ತೇನೆ. ಆರಿಸದೆ ಬಿಸಿಬಿಸಿ ಹಾಕಿದರೆ ಕೀಮಾದ ಕೊಬ್ಬು ಕಲಸುವಾಗಲೇ ಕರಗಿ ಕೈಗೆ ಮೆತ್ತುತ್ತದೆ.

ಆಮೇಲೆ ಬ್ರೆಡ್. ಒಂದು ಕಿಲೋ ಕೀಮಾಕ್ಕೆ ಮೂರು ನಾಲ್ಕು ಹೋಳು ಹಳೆಯ ಬ್ರೆಡ್, ಅದು ನೆನೆಯುವಷ್ಟು ಹಾಲು (ಸುಮಾರು 150 ಮಿಲಿ), ಎರಡು ಮೊಟ್ಟೆ, ಎರಡು ಟೀ ಚಮಚ ಉಪ್ಪು. ಬ್ರೆಡ್ಡನ್ನು ಒಣದಾಗಿ ಉದುರಿಸಬೇಡಿ, ಹಾಲಲ್ಲಿ ಕಿವುಚಿ ಪೇಸ್ಟ್ ಮಾಡಿಯೇ ಸೇರಿಸಿ. ಮಾಂಸ ಹಿಂಡಿಕೊಂಡು ರಸ ಬಿಡುವಾಗ ಅದರಲ್ಲಿ ಒಂದಷ್ಟನ್ನು ಹಿಡಿದಿಡುವುದು ಈ ಪೇಸ್ಟೇ. ಓಟ್ಸ್ ಹಾಕಿಯೂ ನೋಡಿದ್ದೇನೆ. ಲೋಫ್ ಬಿಗಿಯಾಗಿ ಬರುತ್ತದೆ, ಮರುದಿನ ಸ್ಯಾಂಡ್‌ವಿಚ್‌ಗೆ ತೆಳ್ಳಗೆ ಕೊಯ್ಯಲು ಚೆನ್ನ, ಬಿಸಿ ಊಟಕ್ಕೆ ಆ ಮೆದುತನ ಇರುವುದಿಲ್ಲ.

ನನ್ನನ್ನು ತುಂಬ ದಿನ ಸತಾಯಿಸಿದ್ದು ರಾತ್ರಿಯೇ ಕಲಸಿಡುವ ವಿಧಾನ. ಬೆಳಗಿನ ಧಾವಂತಕ್ಕೆ ಅದೇ ಸರಿ ಎಂದು ಎಲ್ಲರೂ ಹೇಳುತ್ತಾರೆ. ಉಪ್ಪು ಬೆರೆತ ಕೀಮಾ ಇಡೀ ರಾತ್ರಿ ಫ್ರಿಜ್ಜಿನಲ್ಲಿ ಕೂತರೆ ಅಂಟಂಟಾಗುತ್ತದೆ. ಬೆಂದ ಮೇಲೆ ಸಾಸೇಜ್ ಹಾಗೆ ಪುಟಿಯುತ್ತದೆ, ಮೀಟ್‌ಲೋಫಿನ ಉದುರುದುರು ಗುಣವೇ ಹೋಗಿಬಿಡುತ್ತದೆ. ಮಕ್ಕಳು ತಟ್ಟೆಯಲ್ಲಿ ಬಿಟ್ಟೇಳುತ್ತಿದ್ದರು, ಕಿಲೋಗಟ್ಟಲೆ ಕೀಮಾದ ದುಡ್ಡು ಹಾಗೆ ಹೋಯಿತು. ಈಗ ಬ್ರೆಡ್, ಹಾಲು, ಮೊಟ್ಟೆ, ಹುರಿದ ಈರುಳ್ಳಿ, ಮಸಾಲೆ, ಉಪ್ಪು ಎಲ್ಲವನ್ನೂ ರಾತ್ರಿ ಒಂದೇ ಡಬ್ಬಿಯಲ್ಲಿ ಕಲಸಿ ಫ್ರಿಜ್ಜಿನಲ್ಲಿಡುತ್ತೇನೆ. ಕೀಮಾ ತನ್ನ ಪೊಟ್ಟಣದಲ್ಲೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿರುತ್ತದೆ. ಬೆಳಿಗ್ಗೆ ಎರಡನ್ನೂ ಸೇರಿಸಿ, ಬೆರಳು ತುದಿಯಲ್ಲಿ ಹಗುರವಾಗಿ ಕಲಸಿದರೆ ಐದು ನಿಮಿಷದ ಕೆಲಸ. ಹಿಟ್ಟು ನಾದಿದಂತೆ ನಾದಬೇಡಿ. ಕುಕ್ಕರಿನ ಪಿಂಗಾಣಿ ಪಾತ್ರೆಯನ್ನು ರಾತ್ರಿ ಫ್ರಿಜ್ಜಿನಲ್ಲಿಡುವುದು ಇನ್ನೂ ಕೆಟ್ಟದ್ದು. ತಣ್ಣಗಾದ ಪಾತ್ರೆ ಬಿಸಿಯಾಗಲು ಬಹಳ ಹೊತ್ತು ಹಿಡಿಯುತ್ತದೆ, ಅಷ್ಟು ಹೊತ್ತೂ ಮಾಂಸ ರೋಗಾಣು ಬೆಳೆಯುವ ಅಪಾಯದ ಶಾಖದಲ್ಲೇ ಇರುತ್ತದೆ. ಕಲಸುವ ಮೊದಲೇ ಕುಕ್ಕರನ್ನು ‘ಹೈ’ಗೆ (ಹೆಚ್ಚು ಶಾಖಕ್ಕೆ) ಹಾಕಿಬಿಡುವುದು ನನ್ನ ರೂಢಿ. ಹೆಪ್ಪುಗಟ್ಟಿದ ಕೀಮಾವನ್ನಂತೂ ಹಾಗೇ ಎಂದೂ ಇಳಿಸಬೇಡಿ.

ಆಕಾರದ ವಿಷಯ. ಇದರಲ್ಲಿ ಶಾಖ ಬಹುಪಾಲು ಪಕ್ಕದ ಗೋಡೆಗಳಿಂದ ಬರುತ್ತದೆ. ಲೋಫ್ ಗೋಡೆಗೆ ತಾಗಿದ ಕಡೆ ಸೀದು ಕಪ್ಪಾಗುತ್ತದೆ, ನಡುವೆ ಇನ್ನೂ ಹಸಿಯಾಗಿರುತ್ತದೆ. ಸುತ್ತ ಎರಡು ಬೆರಳು ಜಾಗ ಬಿಟ್ಟು, ಎತ್ತರ ಏಳೆಂಟು ಸೆಂಟಿಮೀಟರ್ ಮೀರದಂತೆ, ಉದ್ದಕ್ಕೆ ಚಪ್ಪಟೆಯಾಗಿ ಕಟ್ಟುತ್ತೇನೆ. ನನ್ನದು ಆರು ಲೀಟರಿನ ಅಂಡಾಕಾರದ ಕುಕ್ಕರು, ಒಂದು ಕಿಲೋ ಲೋಫಿಗೆ ಹೇಳಿ ಮಾಡಿಸಿದ ಅಳತೆ. ದುಂಡಗಿನ ಸಣ್ಣ ಕುಕ್ಕರಿದ್ದವರು ಎರಡು ಪುಟ್ಟ ಲೋಫ್ ಮಾಡಿ, ನಡುವೆ ಸಂದು ಬಿಡಿ.

ಬುಡದ ನೀರಿಗೆ ಉಪಾಯ ಸುಲಭ. ಅಲ್ಯೂಮಿನಿಯಂ ಫಾಯಿಲನ್ನು ಮುದ್ದೆ ಮಾಡಿ ಮೂರು ನಾಲ್ಕು ದಪ್ಪ ಉರುಳೆಗಳನ್ನಾಗಿ ಸುತ್ತಿ ತಳದಲ್ಲಿಡಿ. ಅದರ ಮೇಲೆ ಫಾಯಿಲಿನದೇ ಒಂದು ಜೋಲಿ. ಜೋಲಿಯ ತಳಕ್ಕೆ ಅಲ್ಲಲ್ಲಿ ಚುಚ್ಚಿ ತೂತು ಮಾಡಿರಬೇಕು, ತುದಿಗಳು ಎತ್ತಲು ಸಿಗುವಂತೆ ಮೇಲೆ ಬಂದಿರಬೇಕು. ಶೇಕಡ 20ರಷ್ಟು ಕೊಬ್ಬಿರುವ ಒಂದು ಕಿಲೋ ಕೀಮಾ ಬೆಂದ ಮೇಲೆ ತಳದಲ್ಲಿ ಹತ್ತಿರ ಹತ್ತಿರ ಒಂದು ಲೋಟ ಜಿಡ್ಡುರಸ ಸಿಗುತ್ತದೆ. ಜೋಲಿಯಿಲ್ಲದೆ ಸಟ್ಟುಗದಲ್ಲಿ ಎತ್ತಲು ಹೋದರೆ ಲೋಫ್ ನಡುಮುರಿಯುವುದು ಖಂಡಿತ. ಉರುಳೆಗಳ ಬದಲು ಆಲೂಗಡ್ಡೆ ಹರಡಿದರೆ ಪಲ್ಯದ ಕೆಲಸವೂ ಮುಗಿಯುತ್ತದೆ ಎಂದು ಮಾಡಿ ನೋಡಿದೆ. ರುಚಿ ಚೆನ್ನಾಗಿದೆ, ಆದರೆ ಜಿಡ್ಡನ್ನೆಲ್ಲ ಅವೇ ಕುಡಿಯುತ್ತವೆ. ಮಾಂಸಕ್ಕಿಂತ ಆಲೂ ನಿಧಾನ ಬೇಯುವುದರಿಂದ ನಡುವಿನ ತುಂಡುಗಳು ಗಟ್ಟಿ ಉಳಿಯುತ್ತವೆ. ಹಾಕಲೇಬೇಕೆಂದರೆ ಗೋಡೆಗೆ ಒತ್ತಿ ಹಾಕಿ.

ಮೇಲಿನ ನೀರಿಗೆ ಬಟ್ಟೆ. ದಪ್ಪನೆಯ ಹತ್ತಿ ಬಟ್ಟೆಯೊಂದನ್ನು ಮುಚ್ಚಳದ ಕೆಳಗೆ ಬಿಗಿಯಾಗಿ ಎಳೆದು, ಅಂಚುಗಳನ್ನು ಮೇಲಕ್ಕೆ ಮಡಿಸಿ ಮುಚ್ಚಳದ ಹಿಡಿಯ ಮೇಲೆ ಗಂಟು ಹಾಕಬೇಕು. ಅಂಚು ಬಿಸಿ ಹೊರಮೈಗೆ ಜೋತು ಬೀಳಬಾರದು. ಹನಿಯೆಲ್ಲ ಬಟ್ಟೆ ಹೀರುತ್ತದೆ. ಮನೆಯಲ್ಲಿ ಯಾರಾದರೂ ಇರುವ ದಿನ ಮಾತ್ರ ಹೀಗೆ ಮಾಡುತ್ತೇನೆ. ಎಲ್ಲರೂ ಹೊರಗಿರುವ ದಿನ ಬಟ್ಟೆ ಕಟ್ಟಿ ಹೋಗುವುದಿಲ್ಲ. ಆಗ ಲೋಫಿನ ಮೇಲೆ ಬಿಡಿಯಾಗಿ ಒಂದು ಫಾಯಿಲ್ ಹೊದಿಸಿದರೂ ಮುಕ್ಕಾಲು ಪಾಲು ಕೆಲಸ ಆಗುತ್ತದೆ. ಬಟ್ಟೆಗೂ ಮುಂಚೆ ಮುಚ್ಚಳಕ್ಕೆ ಕಡ್ಡಿ ಕೊಟ್ಟು ಓರೆ ಇಟ್ಟು ನೋಡಿದ್ದೆ. ಶಾಖವೇ ಹೊರಗೆ ಹೋಗಿ ಲೋಫ್ ಬೇಯಲಿಲ್ಲ. ಇಣುಕಿ ನೋಡುವ ಚಟವೂ ಹಾಗೇ, ಪ್ರತಿ ಸಲ ಮುಚ್ಚಳ ತೆಗೆದರೆ ಇಪ್ಪತ್ತು ಮೂವತ್ತು ನಿಮಿಷ ಹೆಚ್ಚು ಬೇಯಿಸಬೇಕು.

ಸಮಯ. ‘ಲೋ’ದಲ್ಲಿ ಐದರಿಂದ ಆರು ಗಂಟೆ, ‘ಹೈ’ಯಲ್ಲಿ ಮೂರು, ಮೂರೂವರೆ. ನಾವು ಮನೆಯಿಂದ ಹೊರಗಿರುವುದು ಎಂಟೊಂಬತ್ತು ಗಂಟೆ. ಈ ಅಂತರವೇ ಎಷ್ಟೋ ಜನರ ಲೋಫನ್ನು ಒಣಗಿಸಿರುವುದು. ದೊಡ್ಡ ಮಾಂಸದ ತುಂಡು ಹತ್ತು ಗಂಟೆ ಬೆಂದರೂ ಮೆತ್ತಗಾಗುತ್ತಾ ಹೋಗುತ್ತದೆ, ಕೀಮಾ ಹಾಗಲ್ಲ, ಹೊತ್ತು ಮೀರಿದರೆ ಮರಳಿನಂತೆ ಉದುರುತ್ತದೆ. ತಾನಾಗಿಯೇ ‘ವಾರ್ಮ್’ಗೆ (ಬೇಯಿಸದೆ ಬಿಸಿಯಾಗಿ ಮಾತ್ರ ಇಡುವ ಮಟ್ಟಕ್ಕೆ) ಇಳಿಯುವ ಕುಕ್ಕರು ತಗೊಂಡ ಮೇಲೆಯೇ ನನಗೆ ನೆಮ್ಮದಿಯಾದದ್ದು. ಹಳೆಯ ಬಿರಡೆ ಮಾದರಿ ಇದ್ದವರು ಮಧ್ಯಾಹ್ನ ಮನೆಗೆ ಬರುವವರಿದ್ದರೆ ಮಾತ್ರ ಇದಕ್ಕೆ ಕೈ ಹಾಕಿ. ಟೈಮರ್ ಸಿಕ್ಕಿಸಿ ತಡವಾಗಿ ಶುರು ಮಾಡಿಸುವ ಸಲಹೆ ಕೆಲವರು ಕೊಡುತ್ತಾರೆ. ಹಸಿ ಕೀಮಾ ಗಂಟೆಗಟ್ಟಲೆ ಹೊರಗೆ ಕೂರುವುದನ್ನು ನಾನು ಒಪ್ಪುವುದಿಲ್ಲ.

ಮಾಂಸಕ್ಕೆ ಚುಚ್ಚಿ ಶಾಖ ನೋಡುವ ಅಡುಗೆ ಥರ್ಮಾಮೀಟರ್ ಇಲ್ಲದೆ ಈ ಕೆಲಸಕ್ಕಿಳಿಯಬೇಡಿ. ಕುರಿ, ದನ, ಹಂದಿ ಯಾವ ಕೀಮಾ ಆದರೂ ನಡುಮಧ್ಯೆ 71 ಡಿಗ್ರಿ ಸೆಲ್ಸಿಯಸ್, ಕೋಳಿಯಾದರೆ 74. ಬಣ್ಣ ನೋಡಿ ನಂಬುವಂತಿಲ್ಲ. ನಾನು ಕೊಂಡ ಥರ್ಮಾಮೀಟರಿಗೆ ಒಂದು ಲೋಫಿನ ಸಾಮಾನಿಗಿಂತ ಹೆಚ್ಚೇನೂ ಆಗಲಿಲ್ಲ, ಒಣಗಿಹೋಗಬೇಕಿದ್ದ ಒಂದು ಲೋಫನ್ನು ಉಳಿಸಿದಾಗಲೇ ಆ ದುಡ್ಡು ಮರಳಿ ಬಂತು.

ಇನ್ನು ಬಣ್ಣ. ಕುಕ್ಕರಿನೊಳಗೆ ಕಂದು ಬಣ್ಣ ಬರುವುದಿಲ್ಲ ಅನ್ನುವುದು ನಿಜ, ಅದನ್ನು ಅಲ್ಲಿ ಹುಡುಕಲೂಬಾರದು. ಲೋಫನ್ನು ಜೋಲಿಯಲ್ಲಿ ಎತ್ತಿ, ಜಿಡ್ಡು ಸೋರಲು ಬಿಟ್ಟು, ತಟ್ಟೆಗೆ ಇಳಿಸಿ, ಗ್ಲೇಜ್ (ಮೇಲೆ ಬಳಿಯುವ ಸಿಹಿಹುಳಿ ಸಾಸ್) ಬಳಿದು ಓವನ್ನಿನ ಗ್ರಿಲ್ಲಿನ ಕೆಳಗೆ ನಾಲ್ಕೈದು ನಿಮಿಷ. ಅಂಚು ಗುಳ್ಳೆ ಎದ್ದು ಅಲ್ಲಲ್ಲಿ ಕಪ್ಪಾಗಬೇಕು. ಅಕ್ಕ ಬಾಯಿ ಮುಚ್ಚಿದ್ದು ಈ ಹಂತದಲ್ಲಿ. ಜಿಡ್ಡು ತಟ್ಟೆಯಲ್ಲಿ ನಿಂತಿದ್ದರೆ ಹೊಗೆ ಏಳುತ್ತದೆ, ಬೆಂಕಿಯೂ ಹತ್ತಬಹುದು. ಪಿಂಗಾಣಿ ಪಾತ್ರೆಯನ್ನೇ ಗ್ರಿಲ್ಲಿಗೆ ತಳ್ಳಿದರೆ ಬಿರುಕು ಬಿಡುತ್ತದೆ. ಗ್ಲೇಜ್ ಮಾಮೂಲಿನದೇ: ಅರ್ಧ ಲೋಟ ಕೆಚಪ್, ಎರಡು ದೊಡ್ಡ ಚಮಚ ಕಂದು ಸಕ್ಕರೆ, ಒಂದು ಚಮಚ ವಿನೆಗರ್, ಸ್ವಲ್ಪ ಸಾಸಿವೆ ಪೇಸ್ಟ್. ಇದರ ಜೊತೆ ನಾನು ಹಾಕುವ ಇನ್ನೊಂದು ವಸ್ತುವಿದೆ. ಅದು ನನ್ನ ಕೈಗುಟ್ಟು, ಇಲ್ಲಿ ಬರೆಯುವುದಿಲ್ಲ. ಹುಳಿ ಮತ್ತು ಉಪ್ಪು ಎರಡೂ ಇರುವ ವಸ್ತು ಎಂದಷ್ಟೇ ಹೇಳುತ್ತೇನೆ. ಗ್ಲೇಜನ್ನು ಬೆಳಿಗ್ಗೆಯೇ ಬಳಿಯುವವರಿದ್ದಾರೆ, ಸಂಜೆಯ ಹೊತ್ತಿಗೆ ಅದು ನೀರಾಗಿ ಬುಡ ಸೇರಿರುತ್ತದೆ. ಗ್ರಿಲ್ ಆದ ಮೇಲೆ ಹತ್ತು ನಿಮಿಷ ಮುಟ್ಟದೆ ಬಿಡಿ, ಆಮೇಲೆ ಕೊಯ್ಯಿರಿ.

ದುಡ್ಡಿನ ಲೆಕ್ಕ ಕೇಳುವವರಿಗೆ. ಸ್ಲೋ ಕುಕ್ಕರಿನಿಂದ ಕರೆಂಟ್ ಬಿಲ್ ಅರ್ಧವಾಗುತ್ತದೆ ಎಂಬ ಮಾತು ನನ್ನ ಲೆಕ್ಕಕ್ಕೆ ಸಿಕ್ಕಿಲ್ಲ. ಸುಮಾರು 200 ವಾಟಿನ ಕುಕ್ಕರು ಆರು ಗಂಟೆ ಓಡಿದರೆ ಒಂದು ಯೂನಿಟ್ ಚಿಲ್ಲರೆ, ಓವನ್ನೂ ಅದಕ್ಕಿಂತ ಸ್ವಲ್ಪ ಹೆಚ್ಚು ಕುಡಿಯಬಹುದು ಅಷ್ಟೆ. ಉಳಿತಾಯ ಇರುವುದು ಬೇರೆ ಕಡೆ. ಕೊಬ್ಬು ಕಡಿಮೆಯಿರುವ ದುಬಾರಿ ಕೀಮಾ ಇದಕ್ಕೆ ಬೇಡವೇ ಬೇಡ, ಅಗ್ಗದ ಕೊಬ್ಬಿನ ಕೀಮಾವೇ ಮೆದುವಾಗಿ ಬರುತ್ತದೆ. ಖರ್ಚಿನ ಮುಕ್ಕಾಲು ಭಾಗ ಮಾಂಸದ್ದೇ ಆದ್ದರಿಂದ ಅಲ್ಲಿ ಉಳಿದದ್ದೇ ನಿಜವಾದ ಉಳಿತಾಯ. ಒಂದು ಲೋಫ್ ನಾಲ್ಕು ಜನರ ಒಂದು ರಾತ್ರಿಯೂಟ ಮತ್ತು ಮರುದಿನದ ಬುತ್ತಿ. ಸುಸ್ತಾಗಿ ಹೊರಗಿನಿಂದ ಊಟ ತರಿಸುವ ಸಂಜೆಗಳು ನಮ್ಮಲ್ಲಿ ತೀರಾ ಕಡಿಮೆಯಾಗಿವೆ.

ಅದೇ ಹುಮ್ಮಸ್ಸಿನಲ್ಲಿ ಮಾಂಸ ಕಡಿಮೆ ಮಾಡಲೂ ಹೊರಟೆ. ಬೇಯಿಸಿ ನೀರು ಬಸಿದ ಇಡೀ ಮಸೂರವನ್ನು ಐದರಲ್ಲಿ ಒಂದು ಪಾಲು ಬೆರೆಸಿದಾಗ ಯಾರಿಗೂ ಗೊತ್ತಾಗಲಿಲ್ಲ. ಮೂರರಲ್ಲೊಂದು ಪಾಲಿಗೆ ಏರಿಸಿದಾಗ ಲೋಫ್ ಕತ್ತಿಗೆ ನಿಲ್ಲಲಿಲ್ಲ. ಅಣಬೆಯನ್ನು ಸಣ್ಣಗೆ ಹೆಚ್ಚಿ ನೀರು ಇಂಗುವ ತನಕ ಹುರಿದು ಹಾಕಿದರೆ ರುಚಿ ಮಸೂರಕ್ಕಿಂತ ಮೇಲು, ಉಳಿತಾಯ ಏನೂ ಇಲ್ಲ. ಕೋಳಿಯ ಎದೆ ಮಾಂಸದ ಕೀಮಾ ಇದರಲ್ಲಿ ಒಣಗಿ ಹೋಗುತ್ತದೆ, ತೊಡೆಯದಾದರೆ ಪರವಾಗಿಲ್ಲ. ನಡುವೆ ಚೀಸ್ ತುಂಬಿದ್ದು ಕರಗಿ ತೂತುಗಳಿಂದ ಇಳಿದುಹೋಯಿತು. ಬೇಯಿಸಿದ ಮೊಟ್ಟೆ ಹುದುಗಿಸಿದ್ದು ನೋಡಲು ಚೆಂದ ಬಂದೀತೆಂದುಕೊಂಡರೆ, ಅಷ್ಟು ಗಂಟೆ ಬೆಂದು ಹಳದಿಯ ಸುತ್ತ ಹಸಿರು ಉಂಗುರ ಕಟ್ಟಿತ್ತು. ಗೆದ್ದದ್ದು ಜೆಲಟಿನ್. ಒಂದು ಕಿಲೋಗೆ ಏಳೆಂಟು ಗ್ರಾಂ ರುಚಿಯಿಲ್ಲದ ಜೆಲಟಿನ್ ಪುಡಿಯನ್ನು ಸ್ವಲ್ಪ ತಣ್ಣನೆಯ ಮಾಂಸದ ಸಾರಿನಲ್ಲಿ ನೆನೆಸಿ, ಹಾಲಿನ ಅಳತೆ ಅಷ್ಟೇ ಇಳಿಸಿ ಸೇರಿಸಿದೆ. ಹೋಳಿನ ಹೊಳಪು, ನಯ ಬೇರೆಯೇ ಆಗಿಬಿಟ್ಟಿತು. ಈಗ ಅದಿಲ್ಲದೆ ಮಾಡುವುದೇ ಇಲ್ಲ.

ಉಳಿದದ್ದನ್ನು ಎರಡು ಗಂಟೆಯೊಳಗೆ ಫ್ರಿಜ್ಜಿಗೆ ಸೇರಿಸಿ, ಮೂರು ನಾಲ್ಕು ದಿನದಲ್ಲಿ ಮುಗಿಸಿ. ಫ್ರೀಜರಿಗೆ ಹಾಕುವುದಾದರೆ ಇಡಿಯಾಗಿ ಬೇಡ, ಹೋಳು ಮಾಡಿ ನಡುನಡುವೆ ಬೆಣ್ಣೆ ಕಾಗದ ಇಟ್ಟು ಹಾಕಿ, ಬೇಕಾದಷ್ಟೇ ತೆಗೆಯಬಹುದು. ಬಿಸಿ ಮಾಡಲು ಸ್ಲೋ ಕುಕ್ಕರ್ ಬಳಸಬೇಡಿ, ಅದು ತೀರಾ ನಿಧಾನ. ದಪ್ಪ ತಳದ ಬಾಣಲೆಯಲ್ಲಿ ಹೋಳಿನ ಎರಡೂ ಬದಿ ಗರಿಗರಿಯಾಗುವಂತೆ, ಒಳಗೂ ಹಬೆಯಾಡುವಷ್ಟು ಬಿಸಿಯಾಗುವಂತೆ ಸುಟ್ಟರೆ ಮೊದಲ ದಿನಕ್ಕಿಂತ ರುಚಿ. ನಮ್ಮ ಚಿಕ್ಕವನು ಹೊಸ ಲೋಫಿಗಿಂತ ಇದನ್ನೇ ಕೇಳಿ ಹಾಕಿಸಿಕೊಳ್ಳುತ್ತಾನೆ.