ಜೊಂಡಿನ ಕಡ್ಡಿ, ಈಜಿಪ್ಟಿನ ನೀಲಿ

ನೆಬಾಮುನ್‌ನ ಕೊಳದ ಚಿತ್ರ ಬರೆಯಲು ಕೂತಾಗ ಅಂಗಡಿಯ ಬ್ರಷ್ಷನ್ನೂ ಟ್ಯೂಬಿನ ಬಣ್ಣವನ್ನೂ ಮುಟ್ಟಬಾರದು ಅಂತ ಮೊದಲೇ ತೀರ್ಮಾನಿಸಿದ್ದೆ. ಕ್ರಿ.ಪೂ. 1350ರ ಸುಮಾರಿಗೆ ಈಜಿಪ್ಟಿನ ಥೀಬ್ಸ್‌ನಲ್ಲಿ ನೆಬಾಮುನ್ ಎಂಬ ಅಧಿಕಾರಿಯ ಗೋರಿಯ ಗೋಡೆ ಮೇಲೆ ಬರೆದ ಚಿತ್ರ ಅದು. ಈಗ ಬ್ರಿಟಿಷ್ ಮ್ಯೂಸಿಯಂನಲ್ಲಿದೆ. ನೀಲಿ ನೀರು, ಮೀನು, ಬಾತುಕೋಳಿ, ಸುತ್ತಲೂ ಮರ. ನಾನು ಆರಿಸಿಕೊಂಡಿದ್ದು ಒಂದು ಮೀನು, ಅದರ ಸುತ್ತಲಿನ ನೀರು, ಅಷ್ಟೇ.

ಹಲಗೆಗೆ ಹುಲ್ಲು ಬೆರೆಸಿದ ಮಣ್ಣು ಮೆತ್ತಿದೆ. ಒಣಗಿದ ಮೇಲೆ ತೆಳ್ಳಗೆ ಜಿಪ್ಸಮ್ ಸವರಿದೆ. ಜಾಜಿನ, ಅಂದರೆ ಕೆಮ್ಮಣ್ಣಿನ, ನೀರಲ್ಲಿ ಅದ್ದಿದ ದಾರವನ್ನು ಬಿಗಿಯಾಗಿ ಹಿಡಿದು ಚಿಮ್ಮಿಸಿ ಚೌಕ ಹಾಕಿದೆ. ನಮ್ಮ ಬಡಗಿಗಳು ಮರಕ್ಕೆ ಗೆರೆ ಹಾಕುವುದೂ ಹೀಗೇ ಅಲ್ವಾ? ಈಜಿಪ್ಟಿನ ಚಿತ್ರಕಾರರು ನಿಂತ ಮನುಷ್ಯನಿಗೆ ಅಂಗಾಲಿನಿಂದ ಹಣೆಯ ಕೂದಲಂಚಿನವರೆಗೆ 18 ಚೌಕ ಲೆಕ್ಕ ಇಟ್ಟಿದ್ದರು.

ಕುಂಚಕ್ಕೆ ಕೆರೆಯಂಚಿನ ಜೊಂಡು ತಂದೆ. ತೆಳು ಕಡ್ಡಿಯ ತುದಿಯನ್ನು ಓರೆಯಾಗಿ ಕತ್ತರಿಸಿ, ಬೇವಿನ ಕಡ್ಡಿ ಅಗಿಯುವ ಹಾಗೆ ಅಗಿದೆ. ಒಣ ಕಡ್ಡಿಯ ನಾರು ಪಟಪಟ ಮುರಿಯಿತು. ಅರ್ಧ ಗಂಟೆ ನೆನೆಸಿದ್ದು ಚೆನ್ನಾಗಿ ಬಿಡಿಸಿಕೊಂಡಿತು. ಈ ಕುಂಚ ಬಣ್ಣ ಜಾಸ್ತಿ ಹೀರುವುದಿಲ್ಲ. ನಾಲ್ಕು ಬೆರಳಗಲ ಎಳೆಯುವಷ್ಟರಲ್ಲಿ ಬರಿದಾಗುತ್ತದೆ. ಉದ್ದ ಗೆರೆ ಬೇಕಾದರೆ ಮತ್ತೆ ಅದ್ದಿ, ಹಿಂದಿನ ಗೆರೆ ನಿಂತ ಕಡೆಯಿಂದಲೇ ಹಿಡಿಯಬೇಕು.

ಬಣ್ಣಗಳಲ್ಲಿ ಕೆಂಪಿಗೆ ಜಾಜು, ಕಪ್ಪಿಗೆ ಕಾಡಿಗೆ, ಬಿಳಿಗೆ ಜಿಪ್ಸಮ್. ಹಳದಿಗೆ ಅವರು ಹರಿದಾಳ ಎಂಬ ಖನಿಜವನ್ನೂ ಬಳಸುತ್ತಿದ್ದರು. ಅದರಲ್ಲಿ ಆರ್ಸೆನಿಕ್ ಇದೆ, ಮನೆಯಲ್ಲಿ ಅರೆಯುವ ವಸ್ತುವೇ ಅಲ್ಲ. ಹಾಗಾಗಿ ಹಳದಿ ಮಣ್ಣಿಗೇ ನಿಂತೆ. ಅಂಟಿಗೆ ಕರಿಜಾಲಿಯ ಗೋಂದನ್ನು ರಾತ್ರಿ ನೆನೆಸಿಟ್ಟು, ಬೆಳಿಗ್ಗೆ ಬಟ್ಟೆಯಲ್ಲಿ ಸೋಸಿದೆ. ಕರಿಜಾಲಿ ನೈಲ್ ನದಿಯ ದಡದ ಮರವೂ ಹೌದು, ಅದರ ವೈಜ್ಞಾನಿಕ ಹೆಸರಲ್ಲೇ ನೈಲ್ ಇದೆ.

ನನ್ನನ್ನು ಸೋಲಿಸಿದ್ದು ನೀಲಿ. ಈಜಿಪ್ಟಿನ ನೀಲಿ ಎಂಬುದು ಜನರೇ ತಯಾರಿಸಿದ ಬಣ್ಣ. ಮರಳು, ಸುಣ್ಣ, ತಾಮ್ರ, ಸ್ವಲ್ಪ ಕ್ಷಾರ ಸೇರಿಸಿ 850ರಿಂದ 1000 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸಬೇಕು. ನನ್ನ ಹತ್ತಿರ ಅಂಥ ಗೂಡಿಲ್ಲ, ತಯಾರಾದ ಪುಡಿಯನ್ನೇ ತರಿಸಿದೆ. ಕೈಗೆ ಮರಳಿನ ಹಾಗೆ ತರಿತರಿ, ಬಣ್ಣ ಮಾತ್ರ ಒಳ್ಳೆ ಗಾಢ. ಜಾಜು ಅರೆದ ಅಭ್ಯಾಸದಲ್ಲಿ ಇದನ್ನೂ ನುಣ್ಣಗೆ ಅರೆಯುತ್ತಾ ಹೋದೆ. ಅರೆದಷ್ಟೂ ಬಿಳಿಚಿತು. ಸಂಜೆಗೆ ಕಲ್ಲಿನ ಮೇಲೆ ಉಳಿದಿದ್ದು ತೊಳೆದು ತೊಳೆದು ಮಾಸಿದ ಬಟ್ಟೆಯ ನೀಲಿ. ಕಾಳು ಸಣ್ಣದಾದರೆ ಬಣ್ಣವೇ ತಿಳಿಯಾಗುತ್ತದೆ ಎಂದು ಆಮೇಲೆ ಗೊತ್ತಾಯಿತು. ದುಬಾರಿ ಪುಡಿ, ಹೊಟ್ಟೆ ಉರಿಯಿತು.

ಎಸೆಯಲಿಲ್ಲ. ಆ ತಿಳಿ ನೀಲಿಯನ್ನೇ ನೀರಿಗೆ ಬಳಿದೆ. ಅರೆಯದೆ ಉಳಿಸಿದ್ದ ತರಿ ಪುಡಿಗೆ ಗೋಂದು ಸ್ವಲ್ಪ ಜಾಸ್ತಿ ಹಾಕಿ, ಅದರ ಮೇಲೆ ಅಂಕುಡೊಂಕು ಅಲೆಗಳನ್ನು ಎಳೆದೆ. ಗೋಂದು ಕಡಿಮೆಯಾದ ಕಡೆ ಒಣಗಿದ ಮೇಲೆ ಬೆರಳು ತಾಗಿದರೆ ಪುಡಿ ಉದುರುತ್ತದೆ. ಒಂದು ಅದ್ದಿಗೆ ಒಂದು ಸಣ್ಣ ಅಲೆ, ಜೊಂಡಿನ ಕಡ್ಡಿಗೆ ಹೇಳಿ ಮಾಡಿಸಿದ ಅಳತೆ.

ಮೀನಿನ ಹೊರಗೆರೆಯನ್ನು ಕೊನೆಗೆ ಉಳಿಸಿಕೊಂಡಿದ್ದೆ. ಹೊಸ ಕಡ್ಡಿ ಅಗಿದು, ಜಾಜಿನಲ್ಲಿ ಅದ್ದಿ, ಬಾಲದಿಂದ ಶುರು ಮಾಡಿದೆ. ಬಾಯಿಯ ತನಕ ಬರಲು ಹನ್ನೊಂದು ಸಲ ಅದ್ದಬೇಕಾಯಿತು.