ಬಾಟಲಿಯಲ್ಲಿ ಗುಳ್ಳೆ ಏಳುತ್ತಿದೆಯಾ?

ಅಂಗಡಿಯ ಹೊಸ ಪ್ಲಾಸ್ಟಿಕ್ ಕವರ್ ಅಂಟಿಕೊಂಡಿದ್ದರೆ ಬಿಡಿಸಲು ಎಷ್ಟು ಒದ್ದಾಡುತ್ತೇವೆ, ಅಲ್ವಾ? ಜೋರು ನ್ಯುಮೋನಿಯಾ ಆದ ಮಗುವಿನ ಶ್ವಾಸಕೋಶದ ಪಾಡೂ ಅದೇ. ಉಸಿರು ಬಿಟ್ಟಾಗಲೂ ಒಳಗೆ ಸ್ವಲ್ಪ ಗಾಳಿ ಉಳಿಯುವಂತೆ ಮಾಡಿದರೆ ಮುಂದಿನ ಉಸಿರು ಹಗುರ. ಬಬಲ್ ಸಿಪ್ಯಾಪ್, ಅಂದರೆ ಮೂಗಿನ ಮೂಲಕ ಸದಾ ಸ್ವಲ್ಪ ಒತ್ತಡದಲ್ಲಿ ಗಾಳಿ ಕೊಡುವ ಸಾಧನ, ಮಾಡುವುದು ಇದನ್ನೇ, ಗಂಟಲಿಗೆ ಕೊಳವೆ ಇಳಿಸದೆ. ಢಾಕಾದ ಅತಿಸಾರ ರೋಗ ಸಂಶೋಧನಾ ಕೇಂದ್ರವಾದ ಐಸಿಡಿಡಿಆರ್,ಬಿ ಆಸ್ಪತ್ರೆಯ ಡಾ. ಮೊಹಮ್ಮದ್ ಜೊಬಾಯರ್ ಚಿಸ್ತಿ ಇದಕ್ಕೆ ಶ್ಯಾಂಪೂ ಬಾಟಲಿ ಬಳಸಿದರು. ಮನೆಯಲ್ಲಿ ಮಾತ್ರ ಈ ಪ್ರಯೋಗ ಬೇಡ!

ಮೊದಲ ಹೆಜ್ಜೆ ನಮ್ಮದು. ಮಗು ಅಳದಿರುವಾಗ ಪೂರ್ತಿ ಒಂದು ನಿಮಿಷ ಉಸಿರು ಎಣಿಸಿ. 2ರಿಂದ 11 ತಿಂಗಳ ಮಗುವಿಗೆ 50, 1ರಿಂದ 5 ವರ್ಷದೊಳಗಿನವರಿಗೆ 40 ಮುಟ್ಟಿದರೆ ಜಾಸ್ತಿ ಆಯಿತೆಂದು ಲೆಕ್ಕ. ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದರೆ, ನರಳುತ್ತಿದ್ದರೆ, ತುಟಿ ನೀಲಿಯಾದರೆ ಆಸ್ಪತ್ರೆಗೆ ಓಡಿ. ಆಕ್ಸಿಮೀಟರ್ 90ಕ್ಕಿಂತ ಕೆಳಗೆ ತೋರಿಸಿದರೆ ಆಕ್ಸಿಜನ್ ಬೇಕೇ ಬೇಕು.

ಅಲ್ಲಿ ನರ್ಸ್ ಮೂಗಿನ ಅಳತೆಗೆ ಸರಿಹೊಂದುವ ನಳಿಕೆ ಹಾಕುತ್ತಾರೆ. ಸಡಿಲವಾದರೆ ಗಾಳಿ ಸೋರುತ್ತದೆ, ಬಿಗಿಯಾದರೆ ಮೂಗು ಹುಣ್ಣಾಗುತ್ತದೆ. ಒಂದು ಕಡೆಯಿಂದ ಆಕ್ಸಿಜನ್ ಬರುತ್ತದೆ. ಗಾಳಿ ಹೊರಹೋಗುವ ಕೊಳವೆಯ ತುದಿ ಬಾಟಲಿಯ ನೀರಿನಲ್ಲಿ ಮುಳುಗಿರುತ್ತದೆ. ಗುಟ್ಟೆಲ್ಲ ಇಲ್ಲೇ. ತುದಿ 5 ಸೆಂಟಿಮೀಟರ್ ಆಳದಲ್ಲಿದ್ದರೆ ಶ್ವಾಸಕೋಶಕ್ಕೆ ಸಿಗುವುದು ಸುಮಾರು ಅಷ್ಟೇ ನೀರಿನ ಒತ್ತಡ. ಒತ್ತಡ ಹೆಚ್ಚಿಸಬೇಕೇ? ಇನ್ನಷ್ಟು ಆಳಕ್ಕೆ ಇಳಿಸಿದರಾಯಿತು. ಹೊಟ್ಟೆಗೆ ಗಾಳಿ ತುಂಬಿದರೆ ತೆಗೆಯಲು ಬಾಯಿಂದ ಇನ್ನೊಂದು ಸಣ್ಣ ನಳಿಕೆ ಹಾಕುವುದೂ ಉಂಟು.

ಢಾಕಾದ ಅಧ್ಯಯನ ಪ್ರಕಟವಾಗಿದ್ದು 2015ರಲ್ಲಿ. ಬಬಲ್ ಸಿಪ್ಯಾಪ್ ಹಾಕಿದ 79 ಮಕ್ಕಳಲ್ಲಿ ತೀರಿಕೊಂಡವರು 3. ಮಾಮೂಲಿ ಆಕ್ಸಿಜನ್ ಕೊಟ್ಟ 67ರಲ್ಲಿ 10. ಹಾಗಂತ ಬಾಟಲಿಗೇ ಕೈಮುಗಿಯಬೇಡಿ. ಆಫ್ರಿಕಾದ ಮಲಾವಿ ದೇಶದಲ್ಲಿ ವೈದ್ಯರ ದಿನನಿತ್ಯದ ನಿಗಾ ಇಲ್ಲದ ಆಸ್ಪತ್ರೆಯೊಂದರಲ್ಲಿ, ತೀರಾ ಬಳಲಿದ ಮಕ್ಕಳಿಗೆ ಇದನ್ನು ಹಾಕಿ ನೋಡಿದರು. 2019ರಲ್ಲಿ ಬಂದ ಫಲಿತಾಂಶ ತದ್ವಿರುದ್ಧ: ಸಿಪ್ಯಾಪ್ ಗುಂಪಿನಲ್ಲಿ ನೂರಕ್ಕೆ 17 ಸಾವು, ಮಾಮೂಲಿ ಆಕ್ಸಿಜನ್ ಗುಂಪಿನಲ್ಲಿ 11. ನನ್ನನ್ನು ಕೇಳಿದರೆ, ಬಾಟಲಿಗಿಂತ ಪಕ್ಕದಲ್ಲಿ ನಿಂತವರ ಕಣ್ಣೇ ಮುಖ್ಯ.

ಆ ಕಣ್ಣು ನಿಮ್ಮದೂ ಆಗಬಹುದು. ಗುಳ್ಳೆ ನಿಂತಿದ್ದರೆ ಎಲ್ಲೋ ಗಾಳಿ ಸೋರುತ್ತಿದೆ, ಇಲ್ಲವೇ ಮಗು ಬಾಯಿ ತೆರೆದಿದೆ. ನಳಿಕೆ ನೀವೇ ಸರಿಮಾಡಲು ಹೋಗಬೇಡಿ, ನರ್ಸ್‌ಗೆ ಹೇಳಿ. ಮಗು ಮಂಕಾದರೆ, ನಡುನಡುವೆ ಉಸಿರು ನಿಂತರೆ ಕೂಗಿ ಕರೆಯಿರಿ. ಆಗ ವೆಂಟಿಲೇಟರ್ ಬೇಕಾಗಬಹುದು.