ಬೋಟ್ ಎಳೆಯುವ ಮುಂಚೆ ಬಾಗಿಲ ಸ್ಟಿಕರ್ ನೋಡಿ

ಅಮೆರಿಕದಲ್ಲಿರುವ ಗೆಳೆಯರೇ, ಬೇಸಿಗೆಗೆ ಬೋಟ್ ಕೊಳ್ಳುವ ಯೋಚನೆ ಇದ್ದರೆ ಒಂದು ಮಾತು. ಬ್ರೋಷರಿನಲ್ಲಿ ಗಾಡಿ 5,000 ಪೌಂಡ್ ಎಳೆಯುತ್ತದೆ ಅಂತ ಇದ್ದರೆ ಸುಮ್ನೆ ನಂಬಿ ಹೊರಡಬೇಡಿ.

ಬೋಟಿನ ಕಾಗದದಲ್ಲಿರುವುದು ಸಾಮಾನ್ಯವಾಗಿ ಖಾಲಿ ತೂಕ. ಔಟ್‌ಬೋರ್ಡ್ (ಎಂಜಿನ್ ಬೋಟಿನ ಹಿಂದೆ ಹೊರಗಡೆ ಕೂರುವಂಥದ್ದು) ಆದರೆ ಎಷ್ಟೋ ಸಲ ಎಂಜಿನ್ನೂ ಅದರಲ್ಲಿ ಸೇರಿರುವುದಿಲ್ಲ. ಎಂಜಿನ್ ಸೇರಿ ಬೋಟ್ 3,000 ಪೌಂಡ್ ಅಂದುಕೊಳ್ಳಿ. ಟ್ರೇಲರ್ 900. 30 ಗ್ಯಾಲನ್ ಪೆಟ್ರೋಲ್ ಸುಮಾರು 180. ಬ್ಯಾಟರಿ, ಲಂಗರು, ಹಗ್ಗ, ಐಸ್ ಬಾಕ್ಸ್ ಎಲ್ಲ ಸೇರಿ 300. ಆಗಲೇ 4,380 ಆಯ್ತು, ಅಲ್ವಾ?

ಬಹಳ ಜನ ಮರೆಯುವುದು ಹಿಚ್ (ಗಾಡಿಯ ಹಿಂದೆ ಟ್ರೇಲರ್ ಸಿಕ್ಕಿಸುವ ಕೊಂಡಿ) ಮೇಲೆ ಬೀಳುವ ಭಾರವನ್ನು. ಒಟ್ಟು ತೂಕದ ಶೇ. 10 ಅಂದರೂ 438 ಪೌಂಡ್. ಡ್ರೈವರ್ ಬಾಗಿಲ ಪಕ್ಕದ ಸ್ಟಿಕರಿನಲ್ಲಿ ಜನರಿಗೂ ಸಾಮಾನಿಗೂ ಸೇರಿ ಕೊಟ್ಟಿರುವ ಮಿತಿಯಲ್ಲೇ ಇದೂ ಕಳೆಯುತ್ತದೆ. ಮನೆಮಂದಿಯೆಲ್ಲ ಹತ್ತಿದರೆ ಅದು ಬೇಗ ಮುಗಿಯುತ್ತದೆ. ಹಾಗಂತ ಹಿಚ್ ಮೇಲಿನ ಭಾರ ಇಳಿಸಲು ಟ್ರೇಲರಿನಲ್ಲಿ ಭಾರವನ್ನು ಜಾಸ್ತಿ ಹಿಂದಕ್ಕೆ ತಳ್ಳಬೇಡಿ, ಹೆದ್ದಾರಿಯಲ್ಲಿ ಟ್ರೇಲರ್ ಓಲಾಡುತ್ತದೆ. ಅದು ನಿಜಕ್ಕೂ ಅಪಾಯ.

ಹಿಚ್ಚಿನ ಮೇಲಿನ ಅಂಕಿಯನ್ನೂ ಓದಿ. ಕ್ಲಾಸ್ 2 ಹಿಚ್ ಆದರೆ ಮಿತಿ ಬರೀ 3,500 ಪೌಂಡ್. ಅನುಮಾನವಿದ್ದರೆ ಎಲ್ಲ ತುಂಬಿಕೊಂಡು ಟ್ರಕ್ ಸ್ಟಾಪಿನ ತೂಕದ ಕಟ್ಟೆಗೆ ಹೋಗಿ, ತೂಗಿಸಿ.